ಯಮ್ನಾ ಡೋಲಿ ಏರಿದ ವರ್ಷ

ಆ ವರ್ಷ ನಮ್ಮೂರ ಹಬ್ಬಕ್ಕೆ ಮದುಮಗಳೇ ಸಿಗಲಿಲ್ಲ.

ಮರಳುಗಾಡಿನ ಅಂಚಿನ ನಮ್ಮೂರು ಕ್ಸಾರ್ ನಹ್ಲಾದಲ್ಲಿ ಪ್ರತಿ ವಸಂತಕ್ಕೆ, ಶಾಲೆಗೆ ರಜೆ ಬಿಟ್ಟ ವಾರದಲ್ಲಿ, ಹಳೆಯ ಕಾಲದ ಬದುಕನ್ನು ನೆನೆಯುವ ಹಬ್ಬ ನಡೆಯುತ್ತದೆ. "ಪರಂಪರೆಯ ಮಹೋತ್ಸವ" ಎಂದು ಬಟ್ಟೆಯ ಮೇಲೆ ಬರೆಸಿ ಬೀದಿಗೆ ಅಡ್ಡಲಾಗಿ ಕಟ್ಟುತ್ತಾರೆ. ಗುಡ್ಡದ ಮೇಲೆ ಕೋಣೆಗಳ ಹಾಗೆ ಒಂದರ ತಲೆಯ ಮೇಲೊಂದು ಕೂತಿರುವ ಹಳೆಯ ಕಣಜಗಳನ್ನು ಗುಡಿಸಿ ಸುಣ್ಣ ಬಳಿಯುತ್ತಾರೆ. ಗಂಡಸರು ಸಾಲಾಗಿ ಕೂತು ಹಾಡುತ್ತ ಕುರಿಗಳ ಉಣ್ಣೆ ಕತ್ತರಿಸುತ್ತಾರೆ, ಹೆಂಗಸರು ಡೇರೆಯಲ್ಲಿ ಮಗ್ಗ ಹೂಡುತ್ತಾರೆ. ಕೊನೆಯ ದಿನ ಮಧ್ಯಾಹ್ನ ಮದುವೆಯ ಮೆರವಣಿಗೆ. ಒಂಟೆಯ ಬೆನ್ನ ಮೇಲೆ ಕೆಂಪು ಕಂಬಳಿ ಹೊದಿಸಿದ ಡೋಲಿ, ನಮ್ಮ ಮಾತಿನಲ್ಲಿ ಜಹ್ಫಾ. ಅದರೊಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಕೂತ ಮದುಮಗಳು. ಗುಡ್ಡದ ಕಣಜದಿಂದ ಹೊರಟು ಕೆಳಗಿನ ಚೌಕಕ್ಕೆ ಬಂದರೆ ಅಲ್ಲಿ ಕುದುರೆಯ ಮೇಲೆ ಮದುಮಗ ಕಾದಿರುತ್ತಾನೆ. ಅವಳು ಮುಸುಕು ತೆಗೆಯದೆ ಇಳಿದು ಡೇರೆಯೊಳಗೆ ಹೋಗುವುದರೊಂದಿಗೆ ಹಬ್ಬ ಮುಗಿಯುತ್ತದೆ. ಮದುಮಗಳೂ ಸುಳ್ಳು, ಮದುಮಗನೂ ಸುಳ್ಳು. ಆದರೂ ಡೋಲಿ ಕಂಡ ಕೂಡಲೇ ನಮ್ಮ ಹೆಂಗಸರ ಮೂಗು ಕೆಂಪಾಗುವುದು ಮಾತ್ರ ನಿಜ.

ಹಬ್ಬದ ಸಮಿತಿಗೆ ಹಿರಿಯನೆಂದರೆ ತೂಹಾಮಿ. ಪ್ರಾಯದಲ್ಲಿ ಬಾಡಿಗೆ ಕಾರು ಓಡಿಸಿಕೊಂಡಿದ್ದವನು, ಈಗ ಮನೆಯಲ್ಲಿ ಕೂತು ಊರು ಓಡಿಸುತ್ತಾನೆ. ಆ ವರ್ಷ ಅವನ ತಮ್ಮನ ಮಗಳು ರಿಹಾಬ್ ಡೋಲಿಯಲ್ಲಿ ಕೂರುವುದೆಂದು ಗೊತ್ತಾಗಿತ್ತು. ಮೆರವಣಿಗೆಯ ಹಿಂದಿನ ದಿನ ಬೆಳಿಗ್ಗೆ ಅವನು ನಮ್ಮ ಅಂಗಳಕ್ಕೆ ಬಂದಾಗ ಅವನ ಮುಖ ಬಿಸಿಲಿಗಿಟ್ಟ ಟೊಮೇಟೊದಂತೆ ಬಾಡಿತ್ತು. ನಾನು ಮತ್ತು ಯಮ್ನಾ ಹಬ್ಬದೂಟದ ಕುಸ್ಕುಸ್‌ಗೆ ಮರದ ಹರಿವಾಣದಲ್ಲಿ ಗೋಧಿ ರವೆ ಉಜ್ಜುತ್ತಿದ್ದೆವು.

ಯಮ್ನಾ ನನ್ನ ಅತ್ತಿಗೆ, ತೀರಿಹೋದ ನಮ್ಮಣ್ಣನ ಹೆಂಡತಿ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಗೊಂದು ಬಾಗಿಲು, ಆ ಬಾಗಿಲಿಗೆ ಎಂದೂ ಅಗುಳಿ ಹಾಕಿದ್ದಿಲ್ಲ. ಅರವತ್ತು ದಾಟಿದವಳು. ಗೋರಂಟಿ ಹಾಕಿದ ಕೆಂಪು ಜಡೆ, ಅಗಲವಾದ ಕೈ. ಬಾಯಿಯ ವಿಷಯ ನಾನು ಹೇಳಬೇಕಾಗಿಲ್ಲ, ಮುಂದೆ ನೀವೇ ಕೇಳುತ್ತೀರಿ.

"ಏನಪ್ಪಾ ತೂಹಾಮಿ, ಯಾರು ಸತ್ರು?" ಎಂದಳು ಯಮ್ನಾ.

"ಯಾರೂ ಸಾಯ್ಲಿಲ್ಲ ಕಣಮ್ಮ. ರಿಹಾಬ್‌ಗೆ ಮದುವೆ ಗೊತ್ತಾಯ್ತು."

"ಒಳ್ಳೇದೇ ಆಯ್ತಲ್ಲ!"

"ಏನ್ ಒಳ್ಳೇದು? ಆಗೋ ಅತ್ತೆ ಹೇಳಿ ಕಳಿಸಿದ್ದಾಳೆ. ನಮ್ಮ ಸೊಸೆ ಒಂದೇ ಸಲ ಮದುಮಗಳಾಗ್ಬೇಕು, ಎರಡು ಸಲ ಆದ್ರೆ ಕೆಟ್ಟದ್ದಂತೆ. ಡೋಲಿ ಹತ್ತೋ ಹಾಗಿಲ್ವಂತೆ."

"ಬೇರೆ ಹುಡುಗಿ ನೋಡು."

"ನೋಡಿದ್ನಲ್ಲ! ಒಬ್ಳಿಗೆ ಒಂಟೆ ಮೇಲೆ ತಲೆ ಸುತ್ತುತ್ತಂತೆ. ಇನ್ನೊಬ್ಳು, ಮುಖ ಕಾಣಲ್ಲ ಅಂದ್ಮೇಲೆ ನಾನ್ಯಾಕೆ ಕೂರ್ಲಿ ಅಂತಾಳೆ. ಮೆಕ್ಯಾನಿಕ್ ಮಗಳು ಬರ್ತೀನಿ ಅಂದ್ಳು, ಅವರಜ್ಜಿ ಬಿಡ್ಲಿಲ್ಲ." ತೂಹಾಮಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕೊನೆಗೆ ಒಂದು ದಾರಿ ಹೊಳೀತು. ಹೆಂಗಿದ್ರೂ ಒಳಗೆ ಯಾರಿದ್ದಾರೆ ಅಂತ ಯಾರೂ ನೋಡಲ್ಲ. ಒಂದು ಮೂಟೆ ಬಾರ್ಲಿ ಕೂರಿಸಿಬಿಟ್ರೆ?"

ಯಮ್ನಾಳ ಕೈ ಹರಿವಾಣದಲ್ಲೇ ನಿಂತಿತು.

"ಬಾರ್ಲಿ ಮೂಟೆ?"

"ಒಳ್ಳೆ ಮೂಟೇನೇ. ಗಟ್ಟಿಯಾಗಿ ಹೊಲಿದಿರೋದು."

"ಊರ ಹೆಂಗಸ್ರೆಲ್ಲ ಬಾರ್ಲಿ ಮೂಟೆ ಹಿಂದೆ ಹಾಡ್ಕೊಂಡು ಅಳ್ಕೊಂಡು ಬರ್ಬೇಕಾ? ನಿನ್ನ ಮುಖಕ್ಕಿಷ್ಟು! ಚೌಕದಲ್ಲಿ ಇಳಿಸ್ಕೊಳ್ಳೋವಾಗ ಮದುಮಗ ಏನು, ಬೆನ್ನ ಮೇಲೆ ಹೊತ್ಕೊಂಡು ಗಿರಣಿಗೆ ಹೋಗ್ತಾನಾ?"

"ಮತ್ತೆ ನೀನೇ ಹೇಳು ಯಾರನ್ನ ಕೂರಿಸ್ಲಿ?"

"ನನ್ನ ಕೂರಿಸು."

ನಾನು ನಕ್ಕೆ. ತೂಹಾಮಿಯೂ ನಕ್ಕ. ಯಮ್ನಾ ನಗಲಿಲ್ಲ. ಅಂಗೈಗೆ ಮೆತ್ತಿದ್ದ ಹಿಟ್ಟನ್ನು ಉದುರಿಸುತ್ತ, "ನನಗೆ ತಲೆ ಸುತ್ತಲ್ಲ. ನನ್ನ ಮುಖ ಯಾರಿಗೂ ಕಾಣೋದು ಬೇಡ. ಎರಡನೇ ಮದುವೆಗೆ ಅಡ್ಡ ಬರೋ ಅತ್ತೆಯೂ ಇಲ್ಲ, ಪುಣ್ಯಾತ್ಗಿತ್ತಿ ಹೋಗಿ ಎಷ್ಟೋ ಕಾಲವಾಯ್ತು. ಬಾರ್ಲಿ ಮೂಟೆಗಿಂತ ಕಡೆನಾ ನಾನು?" ಎಂದಳು.

ತೂಹಾಮಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಮೊನ್ಸೆಫ್ ಏನಂತಾನೆ?" ಎಂದು ಅವನು ಮೆಲ್ಲಗೆ ಕೇಳಿದ.

ಮೊನ್ಸೆಫ್ ಯಮ್ನಾಳ ಒಬ್ಬನೇ ಮಗ. ಊರಲ್ಲಿ ಕಾರು ಓಡಿಸುವುದನ್ನು ಕಲಿಸುವ ಶಾಲೆ ಇಟ್ಟಿದ್ದಾನೆ. ಬಹಳ ಒಳ್ಳೆಯ ಹುಡುಗ, ಬಹಳ ಶಿಸ್ತು, ಸ್ವಲ್ಪ ಹೆಚ್ಚೇ ಶಿಸ್ತು. ಖಾಲಿ ರಸ್ತೆಯಲ್ಲೂ ನಿಂತು ಎರಡೂ ಕಡೆ ನೋಡಿ ದಾಟುತ್ತಾನೆ. ಅವನ ಗಂಟಲು ಮಾತ್ರ ದೇವರು ಬೇರೆ ಯಾರಿಗೋ ಮಾಡಿಟ್ಟದ್ದು ಅವನಿಗೆ ಬಂದಂತಿದೆ, ತುಂಬು ದನಿ. ಅದಕ್ಕೇ ಪ್ರತಿ ವರ್ಷ ಹಬ್ಬದಲ್ಲಿ ಮೈಕು ಅವನದು.

"ಮೊನ್ಸೆಫ್‌ಗೆ ಯಾಕೆ ಹೇಳ್ಬೇಕು?" ಎಂದಳು ಯಮ್ನಾ. "ಮದುಮಗಳು ಯಾರು ಅಂತ ಮೈಕಿನವನಿಗೆ ಹೇಳೋದು ಪದ್ಧತಿಯಾ?"

ಮಾರನೆಯ ದಿನ ಮಧ್ಯಾಹ್ನ ಗುಡ್ಡದ ಮೇಲಿನ ಒಂದು ಕಣಜದೊಳಗೆ ನಾನು ಅತ್ತಿಗೆಗೆ ಸಿಂಗಾರ ಮಾಡಿದೆ. ಒಳಗೆ ಹಳೆಯ ಎಣ್ಣೆಯ ವಾಸನೆ, ತಂಪು. ಕೆಂಪು ಉಣ್ಣೆಯ ಬಟ್ಟೆಯನ್ನು ಸೀರೆಯ ಹಾಗೆ ಸುತ್ತಿ, ಭುಜದ ಮೇಲೆ ಬೆಳ್ಳಿಯ ಪಿನ್ನು ಚುಚ್ಚಿ, ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದೆ. ಪಟ್ಟಿ ರಿಹಾಬ್‌ಳ ಅಳತೆಯದ್ದು, ಗಂಟಿಗೆ ತುದಿ ಸಾಲಲಿಲ್ಲ. ನನ್ನ ಸೆರಗಿನ ದಾರ ಕಿತ್ತು ಸೇರಿಸಿ ಕಟ್ಟಿದೆ.

"ಕಾಡಿಗೆ ಹಚ್ಚು," ಎಂದಳು.

"ಯಾರು ನೋಡ್ತಾರೆ ಅತ್ತಿಗೆ?"

"ನಾನು ನೋಡ್ಕೋತೀನಿ. ಹಚ್ಚೇ ಮಹ್ಬೂಬಾ."

ಹಚ್ಚಿದೆ. ನನ್ನ ಫೋನಿನಲ್ಲಿ ಮುಖ ನೋಡಿಕೊಂಡಳು. ಏನಾದರೂ ತಮಾಷೆ ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಜಡೆಯ ತುದಿ ಸರಿಮಾಡಿಕೊಂಡು, ಫೋನು ನನ್ನ ಕೈಗಿಟ್ಟು, "ನಿಮ್ಮಣ್ಣ ನನ್ನನ್ನ ಯಾವುದ್ರಲ್ಲಿ ಕರ್ಕೊಂಡು ಬಂದ ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು. ಆ ವರ್ಷ ಊರಿಗೆಲ್ಲ ಮೋಟಾರಿನ ಹುಚ್ಚು. ಒಂಟೆಯ ಮೇಲೆ ಸೊಸೆ ತರುವುದು ಬಡವರ ಲಕ್ಷಣವೆಂದು ನಮ್ಮಪ್ಪ ಒಂದು ಪೀಜೊ ಗಾಡಿ ತರಿಸಿದ್ದರು. ಮುಂದಿನ ಸೀಟಿನಲ್ಲಿ ಗಂಡಸರು, ಹಿಂದಿನ ತೊಟ್ಟಿಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಮದುಮಗಳು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದಳು. ಇಳಿದಾಗ ಅವಳ ಮುಸುಕು ಬಿಳಿಯದೋ ಕಪ್ಪೋ ಗೊತ್ತಾಗುವ ಹಾಗಿರಲಿಲ್ಲ, ಅಷ್ಟು ಹೊಗೆ.

"ಈರುಳ್ಳಿ ಹೆಚ್ಚಿದಾಗೆಲ್ಲ ನನಗೆ ನನ್ನ ಮದುವೆ ನೆನಪಾಗುತ್ತೆ," ಎಂದಳು. "ಬೇರೆ ಹೆಂಗಸ್ರಿಗೆ ಈರುಳ್ಳಿಯಿಂದ ಕಣ್ಣೀರು ಬರುತ್ತೆ, ನನಗೆ ವಾಂತಿ ಬರುತ್ತೆ. ನಡಿ, ಹೊತ್ತಾಯ್ತು."

ಹೊರಗೆ ಬಿಳಿಯ ಒಂಟೆ ನವ್ವಾರಾ ಮಂಡಿಯೂರಿ ಕೂತಿತ್ತು. ಅದರ ಯಜಮಾನ ಗರ್ಸಲ್ಲಾ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತಿದ್ದ. ಮುಸುಕು ಹಾಕಿಕೊಂಡ ಯಮ್ನಾಳನ್ನು ನಾನು ಹಿಂದಿನಿಂದ ನೂಕಿ, ಬದಿಯಿಂದ ಎತ್ತಿ, ಅಂತೂ ಡೋಲಿಯೊಳಗೆ ಸೇರಿಸಿದೆ. ಬಿದಿರಿನ ಚೌಕಟ್ಟು ಕಿರ್ರ್ ಎಂದಿತು. ಕಂಬಳಿ ಎಳೆದು ಮುಚ್ಚಿದೆ. ಗರ್ಸಲ್ಲಾ ಹಗ್ಗ ಜಗ್ಗಿದ. ನವ್ವಾರಾ ಏಳಲು ನೋಡಿತು, ಅರ್ಧ ಎದ್ದು ಕೂತಿತು, ಮತ್ತೆ ಎದ್ದಿತು.

"ಹೋದ ವರ್ಷದ ಹುಡುಗಿ ಹಕ್ಕಿ ಹಾಗಿದ್ಲು," ಎಂದು ಗರ್ಸಲ್ಲಾ ಗೊಣಗಿದ. "ಈ ಹುಡುಗಿಗೆ ಮನೇಲಿ ಏನು ಹಾಕ್ತಾರೆ?"

ಡೋಲಿಯೊಳಗಿಂದ ಒಂದು ಗುಕ್ಕು ಉಸಿರು ಕೇಳಿತು. ನಾನು ಕಂಬಳಿಯ ಮೇಲೆ ಮೆತ್ತಗೆ ತಟ್ಟಿದೆ. ಉಸಿರು ಒಳಗೇ ನಿಂತಿತು.

ಮೆರವಣಿಗೆ ಹೊರಟಿತು. ಮುಂದೆ ಮೊನ್ಸೆಫ್‌ನ ಸಣ್ಣ ಟ್ರಕ್ಕು, ಅದರ ತಲೆಯ ಮೇಲೆ ಎರಡು ಧ್ವನಿವರ್ಧಕ. ಓಡಿಸುವುದನ್ನು ತನ್ನ ಹತ್ತಿರ ಕಲಿಯುವ ಹುಡುಗನೊಬ್ಬನಿಗೆ ಬಿಟ್ಟು ಅವನು ಟ್ರಕ್ಕಿನ ಹಿಂಭಾಗದಲ್ಲಿ ಮೈಕು ಹಿಡಿದು ನಿಂತಿದ್ದ. ಅದರ ಹಿಂದೆ ಡೋಲು, ಓಲಗದವರು, ಅವರ ಹಿಂದೆ ಒಂಟೆ, ಒಂಟೆಯ ಹಿಂದೆ ಹೆಂಗಸರ ದಂಡು. ಎರಡೂ ಕಡೆ ಪಟ್ಟಣದಿಂದ ಬಂದ ನೆಂಟರು, ಫೋನೆತ್ತಿ ಹಿಡಿದವರು. ಜಿಲ್ಲೆಯ ಕಚೇರಿಯಿಂದ ಬಂದ ಅತಿಥಿ ಕೋಟು ಹಾಕಿಕೊಂಡು ಬೆವರುತ್ತ ತೂಹಾಮಿಯ ಪಕ್ಕದಲ್ಲಿ ನಡೆಯುತ್ತಿದ್ದರು.

"ಬರ್ತಿದ್ದಾಳೆ, ನೋಡಿ ಬರ್ತಿದ್ದಾಳೆ!" ಎಂದು ಮೊನ್ಸೆಫ್‌ನ ದನಿ ಗುಡ್ಡಕ್ಕೆ ಬಡಿದು ತಿರುಗಿ ಬಂತು. "ನಮ್ಮೂರ ಜಿಂಕೆ! ತಾಯಿಯ ಮಡಿಲು ಬಿಟ್ಟು ಎಂದೂ ಹೊರಗೆ ಕಾಲಿಡದ ಕೂಸು! ಹದಿನೇಳರ ಹರೆಯ, ಮೊಗ್ಗಿನಂಥ ನಾಚಿಕೆ, ಒಂದು ಮಾತಾಡಿದರೆ ಹತ್ತು ಸಲ ಕೆಂಪಾಗುವ ಕೆನ್ನೆ!"

ಒಂಟೆಯೋ ಅತ್ತಿಗೆಯೋ, ಯಾರೋ ಒಬ್ಬರು ಸೀನಿದ ಹಾಗೆ ಸದ್ದಾಯಿತು. ನಾನು ಜೋರಾಗಿ ಕೆಮ್ಮಿದೆ.

ಎಲ್ಲ ಸರಿಯಾಗಿಯೇ ನಡೆದುಹೋಗುತ್ತಿತ್ತು, ಝಾಝಿಯಾ ಹಾಡು ಎತ್ತಿರದಿದ್ದರೆ. ಝಾಝಿಯಾ ಕೆಳಗಿನ ಕೇರಿಯ ಸೊಸೆ, ಯಮ್ನಾಳ ತವರೂರಿನವಳೇ, ಅವಳ ಓರಗೆಯವಳು. ಇಬ್ಬರಿಗೂ ಎಳವೆಯಿಂದ ಒಂದು ತಮಾಷೆಯ ಜಗಳ ನಡೆದೇ ಇದೆ. ಅವಳು ಕತ್ತು ಚಾಚಿ ಶುರು ಮಾಡಿದಳು:

"ನಡೆಯೇ ಒಂಟೆ ಬೇಗ ಬೇಗ,
ಮಾವನ ಬಾಗ್ಲು ತೆರೆದೈತೆ..."

ಹೆಂಗಸರೆಲ್ಲ ದನಿಗೂಡಿಸಿದರು. ಕಂಬಳಿ ಒಳಗಿನಿಂದ ಅಲುಗಿತು. ನಾನು ಹತ್ತಿರ ಹೋಗಿ, "ಬೇಡ," ಎಂದು ಪಿಸುಗುಟ್ಟಿದೆ.

"ಯಾವ ಹುಡುಗಿಯಾದ್ರೂ ಅವ್ವನ ಮನೆ ಬಿಡೋವಾಗ ಬೇಗ ಬೇಗ ಅಂತಾಳಾ?" ಎಂದು ಒಳಗಿಂದ ಪಿಸುಮಾತು ಬಂತು. "ಇವಳು ಹಾಗೇ ಓಡಿ ಹೋಗಿರ್ಬೇಕು."

"ಬಿಡು ಅತ್ತಿಗೆ."

ಝಾಝಿಯಾ ಎರಡನೆಯ ಸಲ ಅದೇ ಸಾಲು ಎತ್ತಿದಳು. ಡೋಲಿಯಿಂದ, ಕಂಬಳಿಯನ್ನು ಸೀಳಿಕೊಂಡು ಬಂದ ಹಾಗೆ, ಯಮ್ನಾಳ ಒರಟು ದನಿ ಹೊರಬಿತ್ತು:

"ನಡೆಯೇ ಒಂಟೆ ಮೆಲ್ಲ ಮೆಲ್ಲ,
ಅವ್ವನ ಒಲೆ ಹೊಗೆ ಕಾಣತೈತೆ..."

ಹೆಂಗಸರ ದಂಡು ಗಕ್ಕನೆ ನಿಂತಿತು. ಝಾಝಿಯಾ ಬಾಯಿ ತೆರೆದುಕೊಂಡೇ ನಿಂತಳು. ಆಮೇಲೆ ನನ್ನ ಕೈ ಹಿಡಿದೆಳೆದು, "ಮಹ್ಬೂಬಾ! ಈ ದನಿ ನಿಮ್ಮತ್ತಿಗೆದಲ್ವಾ?" ಎಂದಳು.

"ಯಾವ ದನಿ?" ಎಂದೆ.

"ನನಗೆ ಹೇಳ್ತೀಯಾ? ಕುರಿ ಕಾಯೋವಾಗಿಂದ ಕೇಳ್ತಿದೀನಿ ಆ ಒಡಕು ಗಂಟಲು. ಯಮ್ನಾ! ಏ ಯಮ್ನಾ! ಒಳಗಿದೀಯೇನೇ?"

"ಇಲ್ಲ," ಎಂದಿತು ಡೋಲಿ.

ಝಾಝಿಯಾ ಹೊಟ್ಟೆ ಹಿಡಿದುಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಸುದ್ದಿ ಹೆಂಗಸರ ಸಾಲಿನಲ್ಲಿ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಹರಿಯಿತು. ಕೊನೆಯವಳಿಗೆ ತಲುಪಿದ್ದು ನಮಗೆ ಅವಳ ಕಿರುಚಾಟದಿಂದಲೇ ಗೊತ್ತಾಯಿತು. ಆಮೇಲೆ ಹಾಡಿಗೆ ಬೇರೆಯದೇ ಜೀವ ಬಂತು. ಝಾಝಿಯಾ "ಬೇಗ ಬೇಗ" ಎಂದರೆ ಡೋಲಿ "ಮೆಲ್ಲ ಮೆಲ್ಲ" ಎನ್ನುವುದು. ಹೆಂಗಸರು ಅರ್ಧ ಜನ ಇತ್ತ, ಅರ್ಧ ಜನ ಅತ್ತ. ಮುಂದಿದ್ದ ಮೊನ್ಸೆಫ್‌ಗೆ ತನ್ನ ಧ್ವನಿವರ್ಧಕದ ಗದ್ದಲದಲ್ಲಿ ಇದೊಂದೂ ಕೇಳಿಸಲಿಲ್ಲ. "ನಾಚಿಕೆಯ ಮೊಗ್ಗು" ಎಂದು ಅವನು ಇನ್ನೊಮ್ಮೆ ಹೇಳಿದಾಗ ಹಿಂದೆ ಎದ್ದ ನಗುವನ್ನು ಮೆಚ್ಚುಗೆಯೆಂದು ತಿಳಿದು ಎದೆಯ ಮೇಲೆ ಕೈಯಿಟ್ಟು ವಂದಿಸಿದ.

ಎಣ್ಣೆ ಗಾಣದ ಬಳಿ ರಸ್ತೆ ಬಲಕ್ಕೆ ತಿರುಗಿ ಚೌಕಕ್ಕೆ ಇಳಿಯುತ್ತದೆ. ಎಡಕ್ಕೆ ಹಳೆಯ ಕಾಲುದಾರಿ ಕಣಿವೆಗೆ ಹೋಗುತ್ತದೆ. ಆ ಚಳಿಗಾಲ ಮಳೆ ಚೆನ್ನಾಗಿ ಬಂದಿತ್ತು. ಕಲ್ಲು ಬಿಟ್ಟರೆ ಇನ್ನೇನೂ ಕಾಣದ ಆ ಹಳ್ಳದಲ್ಲಿ ಮೊಣಕಾಲುದ್ದ ಹುಲ್ಲು, ಹಳದಿ ಹೂವು, ನಡುವೆ ಅಲ್ಲಲ್ಲಿ ನೀರು. ಗರ್ಸಲ್ಲಾ ಡೋಲಿಗೆ ಒಗ್ಗಿಸಬೇಕೆಂದು ನವ್ವಾರಾಳನ್ನು ವಾರಗಟ್ಟಲೆ ಅಂಗಳದಲ್ಲಿ ಕಟ್ಟಿ ಒಣ ಹುಲ್ಲು ಹಾಕಿದ್ದ. ಗಾಣದ ತಿರುವಿನಲ್ಲಿ ಗಾಳಿ ಎಡಗಡೆಯಿಂದ ಬೀಸಿತು. ನವ್ವಾರಾ ಮೂಗು ಎತ್ತಿತು.

"ಏಯ್," ಎಂದ ಗರ್ಸಲ್ಲಾ.

ನವ್ವಾರಾ ಎಡಕ್ಕೆ ತಿರುಗಿತು.

"ಏಯ್, ಏಯ್! ನವ್ವಾರಾ! ನನ್ನ ಬಂಗಾರ! ನನ್ನ ಮಗಳೇ! ಹಾಳಾಗ್ಹೋಗಾ, ನಿಲ್ಲೇ!"

ಹಗ್ಗ ಅವನ ಕೈಯಲ್ಲೇ ಇತ್ತು. ಆದರೆ ಯಾರು ಯಾರನ್ನು ಎಳೆಯುತ್ತಿದ್ದಾರೆಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಡೋಲಿ ದೋಣಿಯ ಹಾಗೆ ತೊನೆಯುತ್ತ ಇಳಿಜಾರಿಗೆ ಬಿತ್ತು. ನಾನು ಚಪ್ಪಲಿ ಬಿಟ್ಟು ಹಿಂದೆ ಓಡಿದೆ. "ಅತ್ತಿಗೆ, ಗಟ್ಟಿಯಾಗಿ ಹಿಡ್ಕೋ!" ಎಂದು ಕೂಗಿದೆ. ಒಳಗಿನಿಂದ ಕೇಳಿದ್ದು ಕಿರುಚಾಟವೆಂದು ನಾನು ಹೆದರಿದೆ. ಹತ್ತಿರ ಹೋದಾಗ ಗೊತ್ತಾಯಿತು, ನಗುತ್ತಿದ್ದಳು.

ಮೊನ್ಸೆಫ್‌ನ ಟ್ರಕ್ಕು ಬಲಕ್ಕೆ ತಿರುಗಿಯಾಗಿತ್ತು. ಅವನು ಹಿಂದೆ ನೋಡಿದ, ಒಂಟೆ ಇರಲಿಲ್ಲ.

"ಮದುಮಗಳು... ಮದುಮಗಳು ಎಡಕ್ಕೆ ತಿರುಗಿದ್ದಾರೆ!" ಎಂದು ಧ್ವನಿವರ್ಧಕ ಗಾಬರಿಯಿಂದ ಕೂಗಿತು. "ಎಡಕ್ಕೆ ದಾರಿ ಇಲ್ಲ! ವೇಗ ಕಡಿಮೆ ಮಾಡಿ! ಗರ್ಸಲ್ಲಾ, ಬ್ರೇಕ್!"

ಡೋಲು, ಓಲಗದವರು ಒಂದು ಕ್ಷಣ ಅತ್ತ ಇತ್ತ ನೋಡಿದರು. ಅವರಿಗೆ ಗೊತ್ತಿದ್ದ ಕೆಲಸ ಮದುಮಗಳ ಜೊತೆಗಿರುವುದು. ತಿರುಗಿ ಕಣಿವೆಗೆ ಇಳಿದರು, ಬಾರಿಸುವುದನ್ನು ನಿಲ್ಲಿಸದೆ. ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಪಟ್ಟಣದ ನೆಂಟರು. ಜಿಲ್ಲೆಯ ಅತಿಥಿ ತೂಹಾಮಿಯನ್ನು, "ಇದು ಹಳೆಯ ಪದ್ಧತಿಯೇ?" ಎಂದು ಕೇಳಿದರು.

ತೂಹಾಮಿ ಬೆವರು ಒರೆಸಿಕೊಂಡು, "ಬಹಳ ಹಳೇದು ಸ್ವಾಮಿ. ಒಂಟೆ ಹುಟ್ಟಿದಾಗಿಂದ ಇರೋದು," ಎಂದ.

ಕಣಿವೆಯ ನಡುವೆ ನವ್ವಾರಾ ನಿಂತು ಹುಲ್ಲಿಗೆ ಬಾಯಿ ಹಾಕಿತು. ಅಷ್ಟೇ, ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಗರ್ಸಲ್ಲಾ ಮಂಡಿಯೂರು ಎಂದು ಬೇಡಿಕೊಂಡ, ಕೆನ್ನೆ ಸವರಿದ, ಅದರ ತಾಯಿಯನ್ನು ಬೈದ. ಅದು ಹಳದಿ ಹೂವಿನ ಗೊಂಚಲೊಂದನ್ನು ಅಗಿಯುತ್ತ ಅವನ ತಲೆಯ ಮೇಲಿಂದ ದೂರ ನೋಡುತ್ತಿತ್ತು.

ಅಷ್ಟರಲ್ಲಿ ಟ್ರಕ್ಕು ಕಲ್ಲಿನ ಮೇಲೆ ಕುಣಿಯುತ್ತ ದಂಡೆಯವರೆಗೆ ಬಂತು. ಮೊನ್ಸೆಫ್ ತಂತಿಯಿಲ್ಲದ ಮೈಕು ಕೈಯಲ್ಲೇ ಹಿಡಿದು ಹಾರಿ ಇಳಿದು ಓಡಿ ಬಂದ. ಮೈಕು ಆರಿಸುವುದು ಗಾಬರಿಯಲ್ಲಿ ಅವನಿಗೆ ನೆನಪಾಗಲಿಲ್ಲ. ಡೋಲಿಯ ಕೆಳಗೆ ನಿಂತು ತಲೆಯೆತ್ತಿ, ಹೊಸದಾಗಿ ಕಾರು ಕಲಿಯುವವರಿಗೆ ಧೈರ್ಯ ಹೇಳುವ ದನಿಯಲ್ಲಿ ಅವನು ಹೇಳಿದ ಮಾತು ಇಡೀ ಕಣಿವೆಗೆ ಕೇಳಿತು.

"ಹೆದರ್ಬೇಡ ತಂಗಿ. ನಾನಿದೀನಿ. ಉಸಿರು ಮೆಲ್ಲಗೆ ಬಿಡು. ಕೆಳಗೆ ನೋಡ್ಬೇಡ."

"ಯಾರೋ ನಿನಗೆ ತಂಗಿ?" ಎಂದಿತು ಡೋಲಿ. ಅದೂ ಎಲ್ಲರಿಗೂ ಕೇಳಿತು. "ಹೊಟ್ಟೇಲಿ ಹೊತ್ತು ಹೆತ್ತವಳು ಕಣೋ ನಾನು!"

ಧ್ವನಿವರ್ಧಕ ಕೀಂ ಎಂದಿತು. ಕಂಬಳಿಯ ಅಂಚು ಸರಿದು, ಕಾಡಿಗೆ ಹಚ್ಚಿದ ಎರಡು ಕಣ್ಣು, ಗೋರಂಟಿಯ ಕೆಂಪು ಜಡೆ, ಅದರ ಹಿಂದೆ ಅತ್ತಿಗೆಯ ಪೂರ್ತಿ ಮುಖ ಹೊರಬಂತು.

"ಅವ್ವಾ?!"

ಜನರೆಲ್ಲ ನಕ್ಕ ನಗು ಹೇಗಿತ್ತೆಂದರೆ, ಕಣಿವೆಯ ಆಚೆ ದಂಡೆಯಲ್ಲಿ ಉಣ್ಣೆ ಕತ್ತರಿಸುತ್ತಿದ್ದ ಗಂಡಸರು ಕತ್ತರಿ ಹಿಡಿದುಕೊಂಡೇ ಓಡಿ ಬಂದರು, ಅವರ ಹಿಂದೆ ಅರ್ಧ ಬೋಳಾದ ಕುರಿಯೊಂದು. ಗರ್ಸಲ್ಲಾ ಹಗ್ಗ ಬಿಟ್ಟು ತಲೆಯ ಮೇಲೆ ಕೈಹೊತ್ತು, "ಯಮ್ನಾ! ನಾನೇನೇನು ಅಂದ್ನೋ ದಾರೀಲಿ!" ಎಂದ.

"ಎಲ್ಲ ಕೇಳಿಸ್ಕೊಂಡಿದೀನಿ. ಮನೇಲಿ ಏನು ಹಾಕ್ತಾರೆ ಅಂತ ನಾಳೆ ಬಂದು ನೋಡ್ಕೊಂಡ್ ಹೋಗು."

ಮೊನ್ಸೆಫ್ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಈಗ ಮೈಕು ನೆನಪಾಗಿ ಆರಿಸಿದ. ಡೋಲಿಯಲ್ಲಿದ್ದ ಅವಳಿಗೂ ಪಕ್ಕದಲ್ಲಿದ್ದ ನನಗೂ ಅಷ್ಟೇ ಕೇಳುವಂತೆ ಅವನು, "ಅವ್ವಾ, ಏನಿದು? ಜನ ಏನಂತಾರೆ? ನಾಳೆ ನನ್ನ ಹತ್ರ ಕಲಿಯೋಕೆ ಬರೋ ಹುಡುಗ್ರೆಲ್ಲ... ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ.

"ಹೇಳಿದ್ರೆ ಬಿಡ್ತಿದ್ಯಾ?"

ಅವನು ಕಾಲ ಬುಡದ ಕಲ್ಲೊಂದನ್ನು ಒದ್ದು ಸರಿಸಿದ.

"ನೋಡು ಮೊನ್ಸೆಫ್," ಎಂದಳು ಯಮ್ನಾ. ಅಷ್ಟು ಮೆತ್ತಗಿನ ದನಿಯನ್ನು ನಾನು ಅವಳಲ್ಲಿ ಕೇಳಿದ್ದು ಕಡಿಮೆ. "ಪ್ರತಿ ವರ್ಷ ಈ ಡೋಲಿ ಹಿಂದೆ ನಡ್ಕೊಂಡು ಬರ್ತೀನಿ. ಪ್ರತಿ ವರ್ಷ ಒಳಗಿರೋ ಹುಡುಗಿ ಆಮೇಲೆ ಫೋನ್ ನೋಡ್ಕೊಂಡು ಕೂತಿದ್ದೆ ಅಂತಾಳೆ. ನನಗೆ ಒಂದು ಸಲ ಕೂರ್ಬೇಕು ಅನ್ನಿಸ್ತು. ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆ ಮನುಷ್ಯ. ಆದ್ರೆ ಹುಡುಗಿಯಾಗಿದ್ದಾಗ ಕೇಳಿಕೊಂಡಿದ್ದು ಇದೊಂದೇ. ಮೋಟಾರು ತಂದ್ರು. ಇವತ್ತು ದಾರೀಲಿ ಬರೋವಾಗ ಕಂಬಳಿ ಸಂದಿಯಿಂದ ಊರು ನೋಡ್ದೆ. ಎಷ್ಟು ಚೆನ್ನಾಗಿದೆ ಗೊತ್ತೇನೋ ನಮ್ಮೂರು, ಮೇಲಿಂದ?"

ಡೋಲು ಬಾರಿಸುವವನು ಕೋಲು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದ. ಮಗ ಜೇಬಿನಿಂದ ತನ್ನ ಭಾಷಣದ ಹಾಳೆ ತೆಗೆದು ನೋಡಿದ. ಅದರಲ್ಲಿ ಜಿಂಕೆ, ಮೊಗ್ಗು, ಹದಿನೇಳರ ಹರೆಯ ಇದ್ದವು. ಮಡಚಿ ಮತ್ತೆ ಒಳಗಿಟ್ಟ. ಮೈಕು ಹಚ್ಚಿದ.

"ದಯವಿಟ್ಟು ಕೇಳಿ," ಎಂದ. "ಒಂದು ತಪ್ಪು ಹೇಳಿದ್ದೆ, ತಿದ್ದಿಕೊಳ್ತೀನಿ. ಇವತ್ತಿನ ಮದುಮಗಳು ಜಿಂಕೆ ಅಲ್ಲ. ನಾಚಿಕೆ ಇವರಿಗೆ ಗೊತ್ತೇ ಇಲ್ಲ. ಇವರು ಸಾಲಿಮ್‌ ಮಗಳು ಯಮ್ನಾ. ನಮ್ಮವ್ವ. ಇವರ ಮೆರವಣಿಗೆ ತಡವಾಗಿದೆ, ನಮ್ಮ ಮನೆ ಕಡೆಯಿಂದಲೇ ಆದ ತಡ. ಅದಕ್ಕೆ ಇವತ್ತು ನಾವೆಲ್ಲ ಸೇರಿ ಸರಿಯಾಗಿ ಮಾಡೋಣ."

ಝಾಝಿಯಾ ನಾಲಿಗೆ ತಿರುಗಿಸಿ ಎತ್ತಿದ ಹರ್ಷದ ಕೂಗಿಗೆ ಇಡೀ ಹೆಂಗಸರ ದಂಡು ದನಿಗೂಡಿಸಿತು. ನನಗಂತೂ ಕಣ್ಣು ಕಾಣಲಿಲ್ಲ.

ಮೊನ್ಸೆಫ್ ಮೈಕು ನನ್ನ ಕೈಗೆ ತುರುಕಿ ಹಗ್ಗ ಹಿಡಿದ. ಒಂಟೆಯನ್ನು ಹುಲ್ಲಿನಿಂದ ಬಿಡಿಸುವುದು ಯಾರಿಂದಲೂ ಆಗದ ಮಾತಾದ್ದರಿಂದ, ಅದು ಮೇಯುತ್ತ ಹೋದ ಕಡೆಯೆಲ್ಲ ಅವನೂ ಹೋದ. ನಾವು ಅವರ ಸುತ್ತ ಸುತ್ತುತ್ತ ಹಾಡಿದೆವು. ಝಾಝಿಯಾಳ "ಬೇಗ ಬೇಗ" ಒಂದು ಸಾಲು, ಯಮ್ನಾಳ "ಮೆಲ್ಲ ಮೆಲ್ಲ" ಒಂದು ಸಾಲು. ಎರಡೂ ಸೇರಿದರೆ ಹಾಡು ಇನ್ನೂ ಚೆನ್ನಾಗಿತ್ತು, ಅದನ್ನು ಇಬ್ಬರೂ ಈವರೆಗೆ ಒಪ್ಪಿಲ್ಲ. ಚೌಕದಲ್ಲಿ ಒಬ್ಬನೇ ಕಾದು ಕಾದು ಬೇಸತ್ತ ಮದುಮಗ, ಬೇಕರಿಯ ಅನೀಸ್, ಕುದುರೆ ಓಡಿಸಿಕೊಂಡು ಬಂದು ದಂಡೆಯ ಮೇಲೆ ನಿಂತ. ಸುದ್ದಿ ತಿಳಿದು ಇಳಿದು ಬಂದು ಯಮ್ನಾಳ ಕೈಗೆ ಮುತ್ತಿಟ್ಟು, "ಚಿಕ್ಕಮ್ಮ, ನನಗೆ ಅಡುಗೆ ಮಾಡಿ ಹಾಕ್ತೀಯ ಅಂದ್ರೆ ನಾನು ತಯಾರು," ಎಂದ.

"ನಿನ್ನ ಬ್ರೆಡ್ಡು ತಿಂದಿದೀನಿ ನಾನು," ಎಂದಳು. "ಅಂಥ ಬ್ರೆಡ್ಡು ಸುಡೋನ ಜೊತೆ ಸಂಸಾರ ಮಾಡೋಕಾಗಲ್ಲ. ಹೋಗು."

ಚೌಕದಲ್ಲಿ ಬೆಂದು ಸಿದ್ಧವಾಗಿದ್ದ ಕುಸ್ಕುಸ್ ಹಂಡೆಗಳನ್ನು ಮೊನ್ಸೆಫ್‌ನ ಟ್ರಕ್ಕಿನಲ್ಲೇ ಕಣಿವೆಗೆ ತಂದೆವು. ಹಾಸಿದ ಕಂಬಳಿಗಳ ಮೇಲೆ ಊರು, ನೆಂಟರು, ಉಣ್ಣೆ ಕತ್ತರಿಸುವವರು ಎಲ್ಲ ಒಂದಾಗಿ ಕೂತರು. ಜಿಲ್ಲೆಯ ಅತಿಥಿ ಕೋಟು ತೆಗೆದು ಪೊದೆಯ ಮೇಲೆ ಹಾಕಿ, ಬೂಟು ಬಿಚ್ಚಿ ನೀರಿನಲ್ಲಿ ಕಾಲಿಟ್ಟುಕೊಂಡು ಒಣಮಾಂಸದ ತುಂಡು ಕಚ್ಚುತ್ತ, ಇಂಥ ಉತ್ಸವವನ್ನು ತಾವು ಎಲ್ಲೂ ನೋಡಿಲ್ಲವೆಂದರು. ನವ್ವಾರಾ ಹೊಟ್ಟೆ ತುಂಬಿದ ಮೇಲೆ ಯಾರೂ ಹೇಳದೆಯೇ ತಾನಾಗಿ ಮಂಡಿಯೂರಿತು. ಯಮ್ನಾ ಇಳಿಯಲು ನೋಡಿದರೆ ಕಾಲು ಜೋಮು ಹಿಡಿದಿತ್ತು. ಮಗ ಅವಳನ್ನು ಎರಡು ಕೈಯಲ್ಲಿ ಎತ್ತಿ ಇಳಿಸಿದ. ಎತ್ತುವಾಗ ಮುಖ ಕೆಂಪಾದರೂ ಗರ್ಸಲ್ಲಾ ಅಂದ ಮಾತು ಅವನು ಆಡಲಿಲ್ಲ, ಜಾಣ.

ಹಬ್ಬ ಮುಗಿದ ಮಾರನೆಯ ದಿನದಿಂದ ತೂಹಾಮಿಗೆ ಹೊಸ ಪೀಕಲಾಟ ಶುರುವಾಯಿತು. ಮುಂದಿನ ವರ್ಷ ತನ್ನದೇ ಸರದಿಯೆಂದು ಝಾಝಿಯಾ ಅವನ ಬಾಗಿಲಲ್ಲಿ ಕೂತಳು. ಅವಳ ಹಿಂದೆಯೇ ಇಮಾಮರ ಅಕ್ಕ ಬಂದರು. ಮೆಕ್ಯಾನಿಕ್‌ನ ಮಗಳನ್ನು ಬಿಡದಿದ್ದ ಅಜ್ಜಿ ಬಂದು, ಮೊಮ್ಮಗಳಿಗೆ ಬೇಡ ಅಂದದ್ದು ತಾನು ಕೂರುವುದಕ್ಕೋಸ್ಕರ ಎಂದು ಹೇಳಿದರಂತೆ. ಮೋಟಾರಿನಲ್ಲಿ ಬಂದ ಸೊಸೆಯರು ನಮ್ಮೂರಲ್ಲಿ ಎಷ್ಟು ಜನರೆಂಬುದು ಆಗಲೇ ನಮಗೆಲ್ಲ ಗೊತ್ತಾದದ್ದು. ತೂಹಾಮಿ ಹಿಂಬಾಗಿಲಿನಿಂದ ತಪ್ಪಿಸಿಕೊಂಡು ನಮ್ಮ ಅಂಗಳಕ್ಕೆ ಬಂದು ಬಾದಾಮಿ ಹಾಕಿದ ಕೆಂಪು ಚಹಾ ಕುಡಿಯುತ್ತ, "ಬಾರ್ಲಿ ಮೂಟೆ ಆಗಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ," ಎಂದು ಕೊರಗಿದ.

ಅವನು ಹೋದ ಮೇಲೆ ಯಮ್ನಾ ಲೋಟ ತೊಳೆಯುತ್ತ ನನ್ನ ಕಡೆ ವಾರೆಗಣ್ಣಿನಿಂದ ನೋಡಿದಳು.

"ನಿನಗೆ ಬೇಡ್ವಾ?"

"ಥೂ, ನನಗ್ಯಾಕೆ ಈ ವಯಸ್ಸಲ್ಲಿ," ಎಂದೆ. ತೊಳೆದ ಲೋಟ ಒರೆಸಿಟ್ಟು ಕೇಳಿದೆ. "ಒಳಗೆ ತುಂಬಾ ಸೆಖೆನಾ?"

"ಇಲ್ಲ. ಗಾಳಿ ಬರುತ್ತೆ. ಕೆಂಪಗಿರುತ್ತೆ ಎಲ್ಲ. ಒಂಟೆ ಹೆಜ್ಜೆ ಇಟ್ಟಾಗ ಹೊಟ್ಟೇಲಿ ಜೋಕಾಲಿ ಆಡಿದ ಹಾಗಿರುತ್ತೆ."

ಸಂಜೆ ಹಿಟ್ಟು ತರುವ ನೆಪ ಮಾಡಿಕೊಂಡು ತೂಹಾಮಿಯ ಮನೆಯ ಕಡೆ ಹೊರಟೆ. ಅವನ ಬಾಗಿಲಲ್ಲಿ ಝಾಝಿಯಾ ಇನ್ನೂ ಕೂತಿದ್ದಳು. ನನ್ನನ್ನು ಕಂಡು ಮುಖ ಊದಿಸಿಕೊಂಡರೂ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.